ಒಂದು ಲೈಕ್‌ಗೆ 50 ರೂಪಾಯಿ ಕೊಟ್ಟು ಹಾಡನ್ನು ಹಿಟ್ ಮಾಡಿಸ್ತಾರಾ? ‘ರಾ ರಾ ರಕ್ಕಮ್ಮ’ ಹಿಟ್ ಆದ ಕಥೆ ಕೇಳಿ

“ಹೊಸ ಸಿನಿಮಾ ಹಾಡುಗಳನ್ನು ಹಿಟ್ ಮಾಡಿಸಲು ಜನ ಬೇಕಾಗಿದ್ದಾರೆ. ಯೂಟ್ಯೂಬ್‌ನಲ್ಲಿ ವಿಡಿಯೋ ಲೈಕ್ ಮಾಡಿ, ಸ್ಕ್ರೀನ್‌ಶಾಟ್ ಕಳಿಸಿ. ಒಂದು ಲೈಕ್‌ಗೆ 50 ರೂ. ದಿನಕ್ಕೆ 3000 ರೂ.ವರೆಗೆ ಗಳಿಸಿ. ಮನೆಯಲ್ಲೇ ಕೂತು ಮಾಡುವ ಕೆಲಸ. ಗೆಳೆಯರಿಗೂ ಶೇರ್ ಮಾಡಿ.”

ಈ ಫಾರ್ವರ್ಡ್ ನಮಗೆ ಕಳಿಸಿದವರು ಹೆಬ್ಬಗೋಡಿಯ ಓದುಗರೊಬ್ಬರು. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ, ಪಿಜಿಯಲ್ಲಿ ವಾಸ. ಫಾರ್ವರ್ಡ್ ಜೊತೆಗೆ ಒಂದು ಸಾಲು ಬರೆದಿದ್ದರು: “ಸರ್, ಮೂರು ಹಾಡು ಲೈಕ್ ಮಾಡಿದೆ, 150 ರೂಪಾಯಿ ಬಂತು. ಹಾಗಾದ್ರೆ ಇದು ನಿಜಾನೇ ಅಲ್ವಾ? ರಕ್ಕಮ್ಮ ಹಾಡನ್ನೂ ಹೀಗೇ ಹಿಟ್ ಮಾಡಿಸಿದ್ರಂತೆ.”

ಚಿಕ್ಕ ಉತ್ತರ ಮೊದಲು ಹೇಳಿಬಿಡ್ತೀವಿ. ಇದು ವಂಚನೆ. ಆ 150 ರೂಪಾಯಿ ಸಂಬಳ ಅಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಇಂಥ ‘ಟಾಸ್ಕ್’ ಕೆಲಸ ನಂಬಿ ಲಕ್ಷಗಟ್ಟಲೆ ಕಳಕೊಂಡವರು ಬೆಂಗಳೂರಿನಲ್ಲೇ ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗಳೂ ಸೇರಿದ್ದಾರೆ.

ಆದರೆ ಬರೀ ‘ವಂಚನೆ, ಹುಷಾರು’ ಅಂದರೆ ಯಾರೂ ಕೇಳಲ್ಲ ಅಂತ ನಮಗೆ ಗೊತ್ತು. ಕೈಗೆ ದುಡ್ಡು ಬಂದವರಿಗೆ ನಮ್ಮ ಮಾತಿಗಿಂತ ಬ್ಯಾಂಕ್ ಮೆಸೇಜೇ ದೊಡ್ಡದು. ಈ ವಂಚನೆ ನಿಂತಿರೋದು ಒಂದು ನಂಬಿಕೆಯ ಮೇಲೆ: ಹಾಡು ಹಿಟ್ ಆಗೋದು ಲೈಕ್‌ನಿಂದ, ಲೈಕ್ ಬರೋದು ದುಡ್ಡಿನಿಂದ. ಆ ನಂಬಿಕೆ ಎಷ್ಟು ಗಟ್ಟಿ ಅಂತ ನೋಡೋಕೆ ಓದುಗರೇ ಎತ್ತಿದ ಹಾಡನ್ನೇ ತಗೊಳ್ಳೋಣ.

ಮೊದಲು ಲೆಕ್ಕ

ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ. ಒಂದು ಹಾಡಿಗೆ 10 ಲಕ್ಷ ಲೈಕ್ ಬೇಕು ಅಂದುಕೊಳ್ಳಿ. ಲೈಕ್‌ಗೆ 50 ರೂಪಾಯಿಯಂತೆ 5 ಕೋಟಿ ರೂಪಾಯಿ. ಅದು ಲೈಕ್‌ನ ಖರ್ಚು ಮಾತ್ರ! ಸಂಗೀತ ನಿರ್ದೇಶಕರು, ಗಾಯಕರು, ಸೆಟ್, ಡ್ಯಾನ್ಸರ್‌ಗಳ ಖರ್ಚು ಬೇರೆ. ಅಷ್ಟು ದುಡ್ಡಿಗೆ ಕನ್ನಡದಲ್ಲಿ ಒಂದು ಇಡೀ ಸಿನಿಮಾನೇ ಮಾಡಬಹುದು.

ಇನ್ನು ವಾಪಸ್ ಏನು ಬರುತ್ತೆ? ನಮ್ಮ ದೇಶದಲ್ಲಿ ಒಂದು ವಿಡಿಯೋವನ್ನು ಸಾವಿರ ಸಲ ನೋಡಿದರೆ ಚಾನೆಲ್‌ಗೆ ಸಿಗುವ ಜಾಹೀರಾತಿನ ಪಾಲು ಸಾಮಾನ್ಯವಾಗಿ ಹತ್ತಾರು ರೂಪಾಯಿ. ಸಾವಿರ ವ್ಯೂಗೆ ಹತ್ತಾರು ರೂಪಾಯಿ ಗಳಿಸುವವರು ಒಂದೇ ಒಂದು ಲೈಕ್‌ಗೆ 50 ರೂಪಾಯಿ ಕೊಡ್ತಾರೆ ಅಂದರೆ ಅವರು ದಾನಿಗಳೇ ಇರಬೇಕು.

ನಿಮ್ಮ ಕಡೆಯಿಂದಲೂ ಲೆಕ್ಕ ಹಾಕಿ. ದಿನಕ್ಕೆ 3000 ರೂಪಾಯಿ ಅಂದರೆ 60 ಲೈಕ್. ಒಂದೊಂದಕ್ಕೆ 10 ಸೆಕೆಂಡ್ ಹಿಡಿದರೂ ಹತ್ತೇ ನಿಮಿಷದ ಕೆಲಸ. ಎಂಟು ಗಂಟೆ ನಿಂತು ದುಡಿಯುವ ಶಿಫ್ಟ್‌ಗಿಂತ ಹೆಚ್ಚಿನ ಸಂಬಳ ಹತ್ತು ನಿಮಿಷದ ಬೆರಳಾಟಕ್ಕೆ ಸಿಗೋದಾದರೆ, ಹೊಸೂರು ರಸ್ತೆಯಲ್ಲಿ ಬೆಳಗ್ಗೆ ಆರಕ್ಕೆ ಕಂಪನಿ ಬಸ್ಸಿಗೆ ಯಾರು ಕಾಯ್ತಾ ಇದ್ದರು?

ಹಾಗಾದರೆ ರಕ್ಕಮ್ಮ ಹಿಟ್ ಆದದ್ದು ಹೇಗೆ?

ನವೆಂಬರ್‌ನಲ್ಲಿ ಹೆಬ್ಬಗೋಡಿ, ಬೊಮ್ಮಸಂದ್ರ ಕಡೆ ರಾಜ್ಯೋತ್ಸವದ ಆರ್ಕೆಸ್ಟ್ರಾ ನೋಡಿದವರಿಗೆ ಈ ದೃಶ್ಯ ಗೊತ್ತಿರುತ್ತೆ. ವೇದಿಕೆಯಲ್ಲಿ ಒಂದು ಮಾಧುರ್ಯದ ಹಳೇ ಹಾಡು ಮುಗಿಯುತ್ತೆ, ಕನ್ನಡದವರು ಚಪ್ಪಾಳೆ ಹೊಡೀತಾರೆ, ಹಿಂದಿನ ಸಾಲಿನ ಹುಡುಗರು ಸುಮ್ಮನೆ ನಿಂತಿರ್ತಾರೆ. ಅವರಲ್ಲಿ ಒಡಿಶಾದವರು, ಬಿಹಾರದವರು, ತಮಿಳುನಾಡು, ಆಂಧ್ರದವರು ಎಲ್ಲ ಇದ್ದಾರೆ. ಆಮೇಲೆ ಕೀಬೋರ್ಡ್‌ನವನು ‘ರಾ ರಾ ರಕ್ಕಮ್ಮ’ದ ಮೊದಲ ಬೀಟ್ ಹೊಡೀತಾನೆ. ಹಿಂದಿನ ಸಾಲು ಮುಂದೆ ಬರುತ್ತೆ. ಪಲ್ಲವಿ ಬರುವಷ್ಟರಲ್ಲಿ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಕೂಗ್ತಾ ಇರ್ತಾರೆ, ಹೆಸರು ಮಾತ್ರ ಎಲ್ಲರ ಬಾಯಲ್ಲೂ ಒಂದೇ.

ಆ ಹಾಡು ‘ವಿಕ್ರಾಂತ್ ರೋಣ’ ಚಿತ್ರದ್ದು. ನಿರ್ದೇಶನ ಅನೂಪ್ ಭಂಡಾರಿ, ಸಂಗೀತ ಬಿ. ಅಜನೀಶ್ ಲೋಕನಾಥ್. ಕನ್ನಡ ಸಾಹಿತ್ಯವೂ ಅನೂಪ್ ಅವರದ್ದೇ. ಹಾಡಿದವರು ನಕಾಶ್ ಅಜೀಜ್ ಮತ್ತು ಸುನಿಧಿ ಚೌಹಾಣ್. ಕುಣಿದವರು ಕಿಚ್ಚ ಸುದೀಪ್ ಮತ್ತು ಶ್ರೀಲಂಕಾ ಮೂಲದ ಜಾಕ್ವೆಲಿನ್ ಫರ್ನಾಂಡಿಸ್. ನೃತ್ಯ ಸಂಯೋಜನೆ ಜಾನಿ ಮಾಸ್ಟರ್. ಹಾಡು ಹೊರಬಂದದ್ದು 2022ರ ಮೇ 23ಕ್ಕೆ, ಸಿನಿಮಾ ಬಂದದ್ದು ಜುಲೈ 28ಕ್ಕೆ. ಎರಡರ ನಡುವೆ ಒಂಬತ್ತು ವಾರಕ್ಕೂ ಹೆಚ್ಚು ಅಂತರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗಾಯಕರ ಆಯ್ಕೆ ನೋಡಿ. ಸುನಿಧಿ ಧ್ವನಿ ‘ಶೀಲಾ ಕಿ ಜವಾನಿ’ಯಿಂದ ಉತ್ತರ ಭಾರತದ ಪ್ರತಿ ಮದುವೆ ಮನೆಗೂ ಪರಿಚಿತ. ನಕಾಶ್ ಶಾರುಖ್ ಖಾನ್‌ಗೆ ‘ಜಬ್ರಾ ಫ್ಯಾನ್’ ಹಾಡಿದವರು. ಆದರೆ ಹುಟ್ಟಿದ್ದು ನಮ್ಮ ಮೂಡುಬಿದಿರೆಯಲ್ಲಿ! ‘ಬಾಲಿವುಡ್‌ನವರನ್ನು ಕರೆಸಿ ಕನ್ನಡ ಹಾಡಿಸಿದ್ರು’ ಅಂತ ಆಗ ಗೊಣಗಿದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಹಿಂದಿ ಅವತರಣಿಕೆಗೂ ಈ ಇಬ್ಬರದೇ ಧ್ವನಿ. ತೆಲುಗಿನಲ್ಲಿ ಮಾತ್ರ ನಕಾಶ್ ಜೊತೆ ಮಂಗ್ಲಿ ಹಾಡಿದರು. ಅಲ್ಲಿಯವರಿಗೆ ಅವರ ಮನೆಯ ಧ್ವನಿ ಅದು.

ಐದು ಭಾಷೆಯಲ್ಲೂ ಬದಲಾಗದ ಹೆಸರು

ಕನ್ನಡದ ಮರುದಿನ ಹಿಂದಿ, ಅದೇ ವಾರದಲ್ಲಿ ತಮಿಳು, ತೆಲುಗು, ಮಲಯಾಳಂ. ಸಾಹಿತ್ಯ ಐದು ಬೇರೆ, ಆದರೆ ಶೀರ್ಷಿಕೆ ಐದರಲ್ಲೂ ‘ರಾ ರಾ ರಕ್ಕಮ್ಮ’ನೇ. ಇದು ಸಣ್ಣ ವಿಷಯದಂತೆ ಕಾಣುತ್ತೆ. ನಮಗೇನೋ ಇಡೀ ಹಾಡಿನ ಜಾಣತನ ಇರೋದೇ ಇಲ್ಲಿ ಅನ್ನಿಸುತ್ತೆ.

‘ರಾ’ ಅಂದರೆ ತೆಲುಗಿನಲ್ಲಿ ‘ಬಾ’. ಕನ್ನಡದವರಿಗೂ ತಮಿಳರಿಗೂ ಅದು ಅರ್ಥ ಆಗುತ್ತೆ. ಹಿಂದಿಯವರಿಗೆ ಅರ್ಥ ಆಗದಿದ್ದರೂ ನಷ್ಟ ಇಲ್ಲ, ಡೋಲಿನ ಸದ್ದಿನ ಹಾಗೆ ಕೇಳುತ್ತೆ. ‘ರಕ್ಕಮ್ಮ’ ಚಿತ್ರದ ಪಾತ್ರದ ಹೆಸರು, ನಮ್ಮ ಅಕ್ಕಮ್ಮ, ಚಿಕ್ಕಮ್ಮ ಇದ್ದ ಹಾಗೆ. ಒಮ್ಮೆ ಜೋರಾಗಿ ಹೇಳಿ ನೋಡಿ. ಮೂರು ಸಲ ‘ರ’, ಆಮೇಲೆ ‘ಕ್ಕ’ದಲ್ಲಿ ಒಂದು ಗುದ್ದು, ‘ಮ್ಮ’ದಲ್ಲಿ ಇನ್ನೊಂದು. ಒತ್ತಕ್ಷರಗಳೇ ತಮಟೆ ಬಾರಿಸ್ತಾ ಇವೆ. ಹೇಳೋಕೆ ರಾಗವೇ ಬೇಡ.

ಇನ್ನೊಂದು ಅನುಕೂಲ ಇದೆ, ಡಬ್ಬಿಂಗ್ ಮಾಡುವವರು ಮಾತ್ರ ಗಮನಿಸುವಂಥದ್ದು. ಪ, ಬ, ಮ ಹೇಳುವಾಗ ತುಟಿ ಮುಚ್ಚಲೇಬೇಕು. ಪರದೆಯ ಮೇಲೆ ತುಟಿ ಮುಚ್ಚಿದಾಗ ‘ಲ’ ಕೇಳಿಸಿದರೆ ನೋಡುವವರಿಗೆ ತಕ್ಷಣ ‘ಇದು ಡಬ್ಬಿಂಗ್’ ಅನ್ನಿಸಿಬಿಡುತ್ತೆ. ಹಾಡಿನಲ್ಲಿ ಅತಿ ಹೆಚ್ಚು ಸಲ ಬರುವ ಪದವೇ ಐದು ಭಾಷೆಯಲ್ಲೂ ಒಂದೇ ಆದರೆ, ಪಲ್ಲವಿ ಬಂದಾಗಲೆಲ್ಲ ತುಟಿ, ಧ್ವನಿ ಎರಡೂ ಕೂಡುತ್ತವೆ. ಯಾವ ಭಾಷೆಯವರಿಗೂ ‘ಬೇರೆಯವರ ಹಾಡು’ ಅನ್ನಿಸಲ್ಲ.

ಸಮಯವೂ ಕೂಡಿಬಂತು. ‘ಕೆಜಿಎಫ್ ಚಾಪ್ಟರ್ 2’ ತೆರೆಗೆ ಬಂದದ್ದು 2022ರ ಏಪ್ರಿಲ್ 14ಕ್ಕೆ, ಅಂದರೆ ಈ ಹಾಡಿಗೆ ಆರು ವಾರ ಮುಂಚೆಯೂ ಇಲ್ಲ. ಕನ್ನಡ ಸಿನಿಮಾ ಅಂದರೆ ಏನು ಅಂತ ಉತ್ತರದವರಿಗೆ ಹೇಳಿಕೊಡುವ ಕಷ್ಟ ತಪ್ಪಿತ್ತು. ಸುದೀಪ್ ಮುಖ ‘ಈಗ’ದಿಂದ ತೆಲುಗಿನವರಿಗೂ ‘ದಬಾಂಗ್ 3’ರಿಂದ ಹಿಂದಿಯವರಿಗೂ ಗೊತ್ತಿತ್ತು. ಏಪ್ರಿಲ್ ಕೊನೆಯಲ್ಲಿ ‘ಹಿಂದಿ ರಾಷ್ಟ್ರಭಾಷೆಯಾ’ ಅಂತ ಅಜಯ್ ದೇವಗನ್ ಜೊತೆ ಟ್ವಿಟರ್‌ನಲ್ಲಿ ನಡೆದ ಮಾತುಕತೆಯಿಂದ ಅವರ ಹೆಸರು ದೆಹಲಿಯ ಟೀವಿ ಚಾನೆಲ್‌ಗಳಲ್ಲೂ ಓಡಾಡಿತ್ತು. ಹಿಂದಿ ಅವತರಣಿಕೆಯನ್ನು ಸಲ್ಮಾನ್ ಖಾನ್ ಫಿಲ್ಮ್ಸ್ ಅರ್ಪಿಸಿತು. ಆ ಚರ್ಚೆ ನಡೆದು ಒಂದು ತಿಂಗಳೊಳಗೆ ಹಿಂದಿಯವರು ತೆಲುಗು ಕ್ರಿಯಾಪದ, ಕನ್ನಡದ ಹೆಸರು ಕೂಗ್ತಾ ಕುಣೀತಿದ್ದರು ಅನ್ನೋದು ನಮಗೆ ಇವತ್ತಿಗೂ ನಗು ತರಿಸುತ್ತೆ.

ಕಾಲು ತಾನಾಗೇ ಯಾಕೆ ಅಲುಗುತ್ತೆ?

‘ಇಂಥ ಹಾಡಿನಲ್ಲಿ ಮೆದುಳನ್ನು ಕಂಟ್ರೋಲ್ ಮಾಡುವ ಗುಪ್ತ ಫ್ರೀಕ್ವೆನ್ಸಿ ಹಾಕ್ತಾರೆ’ ಅನ್ನುವ ಫಾರ್ವರ್ಡ್‌ಗಳನ್ನೂ ನೀವು ನೋಡಿರ್ತೀರಿ. ಅಂಥ ಫ್ರೀಕ್ವೆನ್ಸಿ ಯಾವುದೂ ಇಲ್ಲ. ನಿಜವಾದ ಕಾರಣ ಇನ್ನೂ ಸ್ವಾರಸ್ಯವಾಗಿದೆ.

ತಾಳ ಕೇಳಿದಾಗ ಕೆಲಸ ಮಾಡೋದು ಮೆದುಳಿನಲ್ಲಿ ಶಬ್ದ ಕೇಳಿಸಿಕೊಳ್ಳುವ ಭಾಗ ಮಾತ್ರ ಅಲ್ಲ. ಕೈಕಾಲು ಆಡಿಸಲು ಸಿದ್ಧತೆ ಮಾಡುವ ಭಾಗಗಳೂ ಎದ್ದು ಕೂರುತ್ತವೆ. ಸ್ಕ್ಯಾನರ್ ಒಳಗೆ ಅಲುಗಾಡದೆ ಮಲಗಿ ಕೇಳಿದವರಲ್ಲೂ ಹೀಗಾಗೋದನ್ನು ವಿಜ್ಞಾನಿಗಳು ನೋಡಿದ್ದಾರೆ. ಮೆದುಳು ಮುಂದಿನ ಹೊಡೆತ ಯಾವಾಗ ಬೀಳುತ್ತೆ ಅಂತ ಮೊದಲೇ ಲೆಕ್ಕ ಹಾಕ್ತಾ ಇರುತ್ತೆ. ಲೆಕ್ಕ ಸರಿಹೋದಾಗ ಖುಷಿ.

ಪೂರ್ತಿ ಸುಲಭದ ಲೆಕ್ಕ ಆದರೆ ಬೇಜಾರು, ಗಡಿಯಾರದ ಟಿಕ್ ಟಿಕ್‌ಗೆ ಯಾರೂ ಕುಣಿಯಲ್ಲ. ಪೂರ್ತಿ ಗೊಂದಲ ಆದರೂ ಕುಣಿಯೋಕಾಗಲ್ಲ. 2014ರಲ್ಲಿ ಮರಿಯಾ ವಿಟೆಕ್ ಮತ್ತು ಸಂಗಡಿಗರು ಬೇರೆ ಬೇರೆ ಡ್ರಮ್ ತಾಳಗಳನ್ನು ಜನರಿಗೆ ಕೇಳಿಸಿ ‘ಕುಣಿಯಬೇಕು ಅನ್ನಿಸ್ತಾ?’ ಅಂತ ಕೇಳಿದರು. ಹೆಚ್ಚು ಅಂಕ ಸಿಕ್ಕಿದ್ದು ನಡುವಿನ ತಾಳಗಳಿಗೆ, ಅಂದರೆ ಹೊಡೆತ ಬೀಳಬೇಕಾದ ಕಡೆ ಅಲ್ಲಲ್ಲಿ ಖಾಲಿ ಬಿಟ್ಟು, ಸ್ವಲ್ಪ ಆಚೀಚೆ ಹೊಡೆಯುವಂಥವಕ್ಕೆ. ಆ ಖಾಲಿ ಜಾಗವನ್ನು ನಮ್ಮ ಮೈ ತುಂಬುತ್ತೆ. ಊರ ಜಾತ್ರೆಯಲ್ಲಿ ತಮಟೆ ಬಡಿಯುವವರಿಗೆ ಇದನ್ನು ಯಾವ ಸಂಶೋಧಕರೂ ಹೇಳಿಕೊಡಬೇಕಾಗಿಲ್ಲ, ಬಿಡಿ.

ವೇಗದ್ದೂ ಒಂದು ಗುಟ್ಟಿದೆ. ಡ್ಯಾನ್ಸ್ ಹಾಡುಗಳು ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 130 ಬೀಟ್‌ಗಳ ಆಸುಪಾಸಿನಲ್ಲಿ ಇರುತ್ತವೆ. ನಾವು ಚುರುಕಾಗಿ ನಡೆಯುವಾಗ ಹಾಕುವ ಹೆಜ್ಜೆಯೂ ನಿಮಿಷಕ್ಕೆ ಸುಮಾರು 120, ಅಂದರೆ ಸೆಕೆಂಡಿಗೆ ಎರಡು. ನೀವೇ ಪರೀಕ್ಷೆ ಮಾಡಬಹುದು: ನಿಮ್ಮಿಷ್ಟದ ಕುಣಿಯುವ ಹಾಡು ಹಾಕಿ, 15 ಸೆಕೆಂಡ್ ಬೆರಳಲ್ಲಿ ತಾಳ ಹಾಕಿ, ಎಣಿಸಿದ್ದನ್ನು ನಾಲ್ಕರಿಂದ ಗುಣಿಸಿ. ಆಮೇಲೆ ಮೆಟ್ರೋ ಹಿಡಿಯೋಕೆ ಓಡುವಾಗ ನಿಮ್ಮ ಹೆಜ್ಜೆಯನ್ನೂ ಎಣಿಸಿ ನೋಡಿ.

ಇನ್ನು ಬೇಡ ಬೇಡ ಅಂದರೂ ತಲೆಯೊಳಗೆ ಸುತ್ತುವ ಹಾಡು. ಇಂಗ್ಲಿಷಿನವರು ಇದನ್ನು ‘ಕಿವಿಹುಳು’ ಅಂತಾರೆ. ಇಂಗ್ಲೆಂಡಿನ ಕೆಲ್ಲಿ ಜಾಕುಬೋವ್‌ಸ್ಕಿ ತಂಡ 3000 ಜನರನ್ನು ಕೇಳಿ, ಹೆಚ್ಚು ಕಾಡುವ 100 ಹಾಡುಗಳನ್ನು, ಅಷ್ಟೇ ಜನಪ್ರಿಯವಾದರೂ ಯಾರನ್ನೂ ಕಾಡದ 100 ಹಾಡುಗಳ ಜೊತೆ ಹೋಲಿಸಿತು. ಕಾಡುವ ಹಾಡುಗಳ ವೇಗ ಸ್ವಲ್ಪ ಹೆಚ್ಚು. ರಾಗದ ಏರಿಳಿತ ಎಲ್ಲೋ ಕೇಳಿದ ಹಾಗೆ ಸರಳ. ಆದರೆ ನಡುವೆ ಎಲ್ಲೋ ಒಂದು ಕಡೆ ಅನಿರೀಕ್ಷಿತ ಜಿಗಿತ, ಇಲ್ಲವೇ ಒಂದೇ ಸ್ವರ ಮತ್ತೆ ಮತ್ತೆ. ಅಂದರೆ ಗೊತ್ತಿರುವ ದಾರಿ, ಒಂದು ಹೊಸ ತಿರುವು.

ಒಂಬತ್ತು ವಾರ, ಲಕ್ಷ ಮೊಬೈಲ್

ಈಗ ಆ ಅಂತರಕ್ಕೆ ಬರೋಣ. ಹಿಂದೆಲ್ಲ ಸಿನಿಮಾ ನೋಡಿ ಬಂದವರು ಹಾಡು ಗುನುಗುತ್ತಿದ್ದರು. ಈಗ ಹಾಡು ಗುನುಗುವವರು ಸಿನಿಮಾಗೆ ಹೋಗ್ತಾರೆ. ಸಿನಿಮಾಕ್ಕಿಂತ ಎರಡು ತಿಂಗಳು ಮೊದಲೇ ಸಾಹಿತ್ಯ ಓಡುವ ಲಿರಿಕಲ್ ವಿಡಿಯೋ ಬಿಟ್ಟು, ಕುಣಿತದ ಒಂದಿಷ್ಟು ತುಣುಕು ತೋರಿಸಿ, ಉಳಿದದ್ದನ್ನು ಜನರಿಗೆ ಬಿಟ್ಟರು.

ಜನ ಏನು ಮಾಡಿದರು? ರೀಲ್ಸ್ ಮಾಡಿದರು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧ ಆಯ್ತು, ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ನಮ್ಮಲ್ಲಿಗೆ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. 2022ರ ಹೊತ್ತಿಗೆ ಚಿಕ್ಕ ವಿಡಿಯೋ ಮಾಡೋದು ಮನೆಮನೆಯ ಆಟ ಆಗಿತ್ತು. ಈ ಹಾಡಿನ ಮುಖ್ಯ ಸ್ಟೆಪ್‌ಗೆ ಪಲ್ಟಿ ಹೊಡೆಯಬೇಕಿಲ್ಲ, ನೆಲದಲ್ಲಿ ಉರುಳಬೇಕಿಲ್ಲ. ಪಿಜಿಯ ಎರಡು ಮಂಚದ ನಡುವಿನ ಜಾಗ ಸಾಕು. ಅಜ್ಜಿಯೂ ಮಾಡಬಹುದು, ಮೊಮ್ಮಗಳೂ ಮಾಡಬಹುದು.

ಇಲ್ಲಿ ಗಮನಿಸಬೇಕಾದ್ದು ರೀಲ್ಸ್‌ನ ವ್ಯವಸ್ಥೆ. ನೀವು ಒಂದು ಹಾಡಿನ ಆಡಿಯೋ ಬಳಸಿ ರೀಲ್ ಮಾಡಿದರೆ ಕೆಳಗೆ ಹಾಡಿನ ಹೆಸರು ಬರುತ್ತೆ. ಅದನ್ನು ಮುಟ್ಟಿದರೆ ಅದೇ ಹಾಡಿಗೆ ಮಾಡಿದ ಎಲ್ಲ ರೀಲ್‌ಗಳೂ ಸಾಲಾಗಿ ತೆರೆದುಕೊಳ್ಳುತ್ತವೆ. ನೋಡಿದವರು ತಾವೂ ಮಾಡ್ತಾರೆ. ಅಂದರೆ ಪ್ರತಿ ರೀಲೂ ಹಾಡಿಗೆ ಒಂದು ಪುಕ್ಕಟೆ ಜಾಹೀರಾತು. ಜನ ಪುಕ್ಕಟೆಯಾಗಿ, ಅದೂ ಸ್ವಂತ ಡೇಟಾ ಖರ್ಚು ಮಾಡಿ ಜಾಹೀರಾತು ಮಾಡುವಾಗ ಲೈಕ್‌ಗೆ 50 ರೂಪಾಯಿ ಯಾರು ಕೊಡ್ತಾರೆ?

ಪದೇ ಪದೇ ಕಿವಿಗೆ ಬೀಳೋದಕ್ಕೂ ಒಂದು ಶಕ್ತಿ ಇದೆ. ರಾಬರ್ಟ್ ಜಾಯಂಕ್ ಅನ್ನುವ ಮನೋವಿಜ್ಞಾನಿ 1968ರಲ್ಲೇ ತೋರಿಸಿದ ಹಾಗೆ, ಅರ್ಥವೇ ಗೊತ್ತಿಲ್ಲದ ಪದ, ಚಿತ್ರಗಳು ಕೂಡ ಮತ್ತೆ ಮತ್ತೆ ಎದುರಾದರೆ ನಮಗೆ ಇಷ್ಟ ಆಗತೊಡಗುತ್ತವೆ. ಮೊದಲ ಸಲ ‘ಏನಿದು ಗಲಾಟೆ’ ಅಂದವರೇ ಇಪ್ಪತ್ತನೇ ಸಲಕ್ಕೆ ತಲೆ ಆಡಿಸಿದ್ದು ಇದಕ್ಕೇ. ಇನ್ನೂರನೇ ಸಲಕ್ಕೆ ಅದೇ ಹಾಡು ತಲೆನೋವು ಆಗೋದೂ ನಿಜ. ಗಣೇಶನ ಪೆಂಡಾಲ್ ಪಕ್ಕದ ಮನೆಯವರನ್ನು ಕೇಳಿ.

ಹಾಗಾದರೆ ಯಾರೂ ವ್ಯೂಸ್ ಕೊಂಡುಕೊಳ್ಳಲ್ವಾ?

ಕೊಂಡುಕೊಳ್ತಾರೆ. ಮುಚ್ಚಿಡೋದೇನಿಲ್ಲ. ಆದರೆ ಅದಕ್ಕೆ ಇರುವ ದಾರಿ ಬೇರೆ.

2019ರ ಜುಲೈನಲ್ಲಿ ರ‍್ಯಾಪರ್ ಬಾದ್‌ಷಾ ಅವರ ‘ಪಾಗಲ್’ ಹಾಡು 24 ಗಂಟೆಯಲ್ಲಿ 7.5 ಕೋಟಿ ವ್ಯೂಸ್ ಪಡೆದು ವಿಶ್ವದಾಖಲೆ ಮಾಡಿತು ಅಂತ ಸುದ್ದಿಯಾಯಿತು. ಆಮೇಲೆ ನೋಡಿದರೆ ಅದರಲ್ಲಿ ಜಾಹೀರಾತಿನ ಪಾಲು ಇತ್ತು. ಅಂದರೆ ನೀವು ಬೇರೇನೋ ನೋಡಲು ಹೋದಾಗ ನಡುವೆ ಜಾಹೀರಾತಾಗಿ ಈ ಹಾಡು ಓಡುತ್ತೆ, ಅದೂ ವ್ಯೂ ಅಂತ ಲೆಕ್ಕಕ್ಕೆ ಬರುತ್ತೆ. ಯೂಟ್ಯೂಬ್ ಆ ದಾಖಲೆಯನ್ನು ಮಾನ್ಯ ಮಾಡಲಿಲ್ಲ. ಸೆಪ್ಟೆಂಬರ್‌ನಲ್ಲಿ ನಿಯಮವನ್ನೇ ಬದಲಿಸಿ, ಜಾಹೀರಾತಿನಿಂದ ಬಂದ ವ್ಯೂಗಳನ್ನು ಮ್ಯೂಸಿಕ್ ಚಾರ್ಟ್‌ಗೆ ಮತ್ತು 24 ಗಂಟೆಯ ದಾಖಲೆಗೆ ಲೆಕ್ಕ ಹಾಕಲ್ಲ ಅಂತ ಹೇಳಿತು.

ಇದರಲ್ಲಿ ನಮಗೆ ಬೇಕಾದ್ದು ಇಷ್ಟು: ದುಡ್ಡಿರುವ ಕಂಪನಿ ಹಾಡನ್ನು ತಳ್ಳಬೇಕು ಅಂದರೆ ಆ ದುಡ್ಡನ್ನು ಗೂಗಲ್‌ಗೇ ಜಾಹೀರಾತು ಶುಲ್ಕ ಅಂತ ಕಟ್ಟುತ್ತೆ. ಬಿಲ್ ಬರುತ್ತೆ, ಜಿಎಸ್‌ಟಿ ಬರುತ್ತೆ. ಹೆಬ್ಬಗೋಡಿಯ ಪಿಜಿಯಲ್ಲಿರುವ ನಿಮ್ಮ ಯುಪಿಐ ಐಡಿ ಕೇಳಿಕೊಂಡು ಯಾರೂ ಬರಲ್ಲ.

ನಕಲಿ ಲೈಕ್ ಮಾರುವವರೂ ಇದ್ದಾರೆ. ಆದರೆ ಅವರು ಬಳಸೋದು ಕಂಪ್ಯೂಟರ್ ಬಾಟ್‌ಗಳನ್ನು. ಅಲ್ಲಿ ಲೈಕ್‌ನ ಬೆಲೆ ಪೈಸೆ ಲೆಕ್ಕದಲ್ಲಿ. ಯೂಟ್ಯೂಬ್ ಅಂಥವನ್ನು ಹುಡುಕಿ ಅಳಿಸ್ತಾನೇ ಇರುತ್ತೆ. ಹಳಬರಿಗೆ ನೆನಪಿರಬಹುದು, ಒಂದು ಕಾಲಕ್ಕೆ ಹೊಸ ವಿಡಿಯೋಗಳ ವ್ಯೂ 301ಕ್ಕೆ ಬಂದು ನಿಂತುಬಿಡುತ್ತಿತ್ತು. ನಕಲಿ ವ್ಯೂ ಇದೆಯಾ ಅಂತ ಪರೀಕ್ಷಿಸುವವರೆಗೆ ಎಣಿಕೆ ಮುಂದೆ ಹೋಗ್ತಿರಲಿಲ್ಲ. 2015ರಲ್ಲಿ ಆ ವ್ಯವಸ್ಥೆ ತೆಗೆದರು, ಪರೀಕ್ಷೆ ಮಾತ್ರ ಈಗಲೂ ನಡೆಯುತ್ತೆ.

ಸುಳ್ಳು ಲೈಕ್‌ನಿಂದ ಹಾಡು ನಿಜವಾಗಿ ಹಿಟ್ ಆಗುತ್ತಾ?

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ! ಅಮೆರಿಕದ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಸೇರಿ ಒಂದು ವೆಬ್‌ಸೈಟ್ ಮಾಡಿದರು. ಯಾರೂ ಕೇಳಿರದ 48 ಹಾಡು, ಕೇಳಲು ಬಂದವರು 14,341 ಜನ. ಬಂದವರನ್ನು ಅವರಿಗೇ ಗೊತ್ತಾಗದ ಹಾಗೆ ಬೇರೆ ಬೇರೆ ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಹಾಡುಗಳು ಕಾಣಿಸುತ್ತಿದ್ದವು. ಉಳಿದ ಎಂಟು ಗುಂಪುಗಳಿಗೆ ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಅನ್ನೋದೂ ಕಾಣಿಸುತ್ತಿತ್ತು.

2006ರಲ್ಲಿ ಬಂದ ಫಲಿತಾಂಶ ಹೀಗಿತ್ತು. ಬೇರೆಯವರ ಲೆಕ್ಕ ಕಂಡಾಗ ಜನ ಕುರಿಮಂದೆಯ ಹಾಗೆ ಒಂದೇ ಕಡೆ ಹೋದರು. ಆದರೆ ಎಂಟೂ ಗುಂಪು ಒಂದೇ ಕಡೆ ಹೋಗಲಿಲ್ಲ. ‘ಲಾಕ್‌ಡೌನ್’ ಅನ್ನುವ ಒಂದು ಹಾಡು (ಕೊರೊನಾಗೂ ಇದಕ್ಕೂ ಸಂಬಂಧ ಇಲ್ಲ) ಒಂದು ಗುಂಪಿನಲ್ಲಿ ಮೊದಲ ಸ್ಥಾನ, ಇನ್ನೊಂದರಲ್ಲಿ 40ನೇ ಸ್ಥಾನ ಪಡೆಯಿತು. ತೀರಾ ಒಳ್ಳೆಯ ಹಾಡು ನೆಲಕಚ್ಚೋದು ಅಪರೂಪ, ತೀರಾ ಕೆಟ್ಟದ್ದು ಮೇಲೇರೋದೂ ಅಪರೂಪ. ನಡುವಿನ ಎಲ್ಲ ಹಾಡುಗಳ ಹಣೆಬರಹ, ಮೊದಲು ಬಂದ ನಾಲ್ಕು ಜನ ಏನು ಮಾಡಿದರು ಅನ್ನುವ ಅದೃಷ್ಟದ ಆಟ. ‘ರಾ ರಾ ರಕ್ಕಮ್ಮ’ದಂಥ ಹಾಡಿಗೆ ತಯಾರಿ ಎಷ್ಟೇ ಇದ್ದರೂ ಈ ಅದೃಷ್ಟದ ಪಾಲು ಇದ್ದೇ ಇರುತ್ತೆ. ಅಷ್ಟೇ ದುಡ್ಡು, ಅಷ್ಟೇ ದೊಡ್ಡ ಹೆಸರುಗಳಿದ್ದೂ ಮರೆತುಹೋದ ಐಟಂ ಸಾಂಗ್‌ಗಳು ನಿಮಗೇ ಹತ್ತಾರು ನೆನಪಾಗಬಹುದು. ಉಹೂಂ, ಮರೆತುಹೋಗಿರೋದರಿಂದ ನೆನಪಾಗಲಿಕ್ಕಿಲ್ಲ.

ಸಾಲ್ಗಾನಿಕ್ ಮತ್ತು ವಾಟ್ಸ್ 2008ರಲ್ಲಿ ಇನ್ನೂ ಒಂದು ಕಿತಾಪತಿ ಮಾಡಿದರು. ಡೌನ್‌ಲೋಡ್ ಪಟ್ಟಿಯನ್ನೇ ತಲೆಕೆಳಗು ಮಾಡಿ, ಕೆಟ್ಟ ಹಾಡು ಮೇಲೆ, ಒಳ್ಳೆಯದು ಕೆಳಗೆ ಇಟ್ಟು, ಸುಳ್ಳು ಲೆಕ್ಕ ತೋರಿಸಿದರು. ಸ್ವಲ್ಪ ಕಾಲ ಸುಳ್ಳು ನಡೆಯಿತು, ಕೆಲವು ಸಾಧಾರಣ ಹಾಡುಗಳು ಸುಳ್ಳಿನ ಬಲದಿಂದಲೇ ಮುಂದೆ ಬಂದವು. ಆದರೆ ಅತ್ಯುತ್ತಮ ಹಾಡುಗಳು ನಿಧಾನಕ್ಕೆ ಮತ್ತೆ ಮೇಲೆ ಹತ್ತಿದವು. ಇನ್ನೊಂದು ನಷ್ಟವೂ ಆಯಿತು: ಮೇಲೆ ಇಟ್ಟ ಹಾಡು ಕೇಳಿ ನಿರಾಶರಾದ ಜನ ಒಟ್ಟಾರೆ ಡೌನ್‌ಲೋಡ್ ಮಾಡೋದನ್ನೇ ಕಡಿಮೆ ಮಾಡಿದರು.

ಹಾಗಾಗಿ ಸುಳ್ಳು ಲೈಕ್ ಪೂರ್ತಿ ವ್ಯರ್ಥ ಅಂತ ನಾವು ಹೇಳಲ್ಲ. ಆರಂಭದಲ್ಲಿ ಒಂದು ತಳ್ಳು ಸಿಗಬಹುದು. ಆದರೆ ರಾಜ್ಯೋತ್ಸವದ ಮೈದಾನದಲ್ಲಿ ಹಿಂದಿನ ಸಾಲಿನ ಹುಡುಗನನ್ನು ಮುಂದೆ ಎಳೆದು ತರೋದು ಅದರ ಕೈಲಿ ಆಗಲ್ಲ.

ಮತ್ತೆ ಆ 150 ರೂಪಾಯಿ?

ಅದು ಯಾವ ಸಿನಿಮಾದವರ ದುಡ್ಡೂ ಅಲ್ಲ. ಬಹಳ ಸಲ ಅದು ನಿಮಗಿಂತ ಮೊದಲು ಮೋಸ ಹೋದ ಇನ್ಯಾರದೋ ದುಡ್ಡು. ಮುಂದೆ ನಡೆಯೋದು ಹೀಗೆ.

ಮೊದಲ ಎರಡು ದಿನ ಚಿಲ್ಲರೆ ಬರುತ್ತೆ. ಆಮೇಲೆ ‘ವಿಐಪಿ ಗ್ರೂಪ್’ಗೆ ಸೇರಿಸ್ತಾರೆ. ಅಲ್ಲಿ ನೂರಾರು ಜನ ‘ನನಗೆ ಇವತ್ತು 20,000 ಬಂತು’ ಅಂತ ಸ್ಕ್ರೀನ್‌ಶಾಟ್ ಹಾಕ್ತಾ ಇರ್ತಾರೆ. ಅವರಲ್ಲಿ ಹೆಚ್ಚಿನವರು ವಂಚಕರ ಕಡೆಯವರೇ. ಈಗಷ್ಟೇ ಓದಿದ ಪ್ರಯೋಗ ನೆನಪಿದೆಯಲ್ಲ, ಬೇರೆಯವರ ಲೆಕ್ಕ ಕಂಡಾಗ ನಾವು ಅದೇ ಕಡೆ ವಾಲ್ತೀವಿ. ಹಾಡಿನ ವಿಷಯದಲ್ಲಿ ನಡೆದದ್ದೇ ಇಲ್ಲೂ ನಡೆಯುತ್ತೆ. ನಂತರ ‘ಪ್ರೀಪೇಯ್ಡ್ ಟಾಸ್ಕ್’: 1000 ಕಟ್ಟಿ, 1300 ತಗೊಳ್ಳಿ. ಕೊಡ್ತಾರೆ ಕೂಡ. ಆಮೇಲೆ 5000, 20,000. ಆ್ಯಪ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಲಾಭ ಏರ್ತಾ ಹೋಗುತ್ತೆ, ಆದರೆ ತೆಗೆಯೋಕೆ ಹೋದರೆ ‘ತೆರಿಗೆ ಕಟ್ಟಿ’, ‘ಟಾಸ್ಕ್ ಅರ್ಧಕ್ಕೆ ನಿಂತಿದೆ, ಇನ್ನೂ 50,000 ಹಾಕಿದರೆ ಮಾತ್ರ ಪೂರ್ತಿ ಸಿಗುತ್ತೆ’. ಹಾಕಿದ್ದು ವಾಪಸ್ ಬರಲಿ ಅನ್ನುವ ಆಸೆಗೆ ಜನ ಸಾಲ ಮಾಡಿ ಹಾಕ್ತಾರೆ. ಕೊನೆಗೆ ಗ್ರೂಪೂ ಇಲ್ಲ, ನಂಬರೂ ಇಲ್ಲ.

ಇನ್ನೊಂದು ಅಪಾಯ ಕಡಿಮೆ ಜನಕ್ಕೆ ಗೊತ್ತು. ಕದ್ದ ದುಡ್ಡು ನಿಮ್ಮ ಖಾತೆಗೆ ಬಂದಿದ್ದರೆ, ಕಳಕೊಂಡವರು ದೂರು ಕೊಟ್ಟಾಗ ಪೊಲೀಸರು ಆ ಜಾಡು ಹಿಡಿದು ನಿಮ್ಮ ಖಾತೆಯನ್ನೂ ತಡೆಹಿಡಿಸಬಹುದು. ಸಂಬಳ ಬರುವ ಖಾತೆಯೇ ಲಾಕ್ ಆದರೆ ಆ ತಿಂಗಳ ಪಿಜಿ ಬಾಡಿಗೆ ಎಲ್ಲಿಂದ? ‘ನಿಮ್ಮ ಖಾತೆಯನ್ನು ಕೆಲವು ದಿನ ಬಾಡಿಗೆಗೆ ಕೊಡಿ, ಕಮಿಷನ್ ಕೊಡ್ತೀವಿ’ ಅಂತ ಕೇಳಿದರಂತೂ ಕೊಡಲೇಬೇಡಿ. ಅದು ನೇರವಾಗಿ ಕೇಸಿಗೆ ದಾರಿ.

ನಮ್ಮ ಓದುಗರಿಗೆ ನಾವು ಹೇಳಿದ್ದು ಇದನ್ನೇ: ಮುಂದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ, ಗ್ರೂಪ್‌ನಿಂದ ಹೊರಬರುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆ 150 ಬಂದ ವಿಷಯವನ್ನು ಬ್ಯಾಂಕಿಗೆ ತಿಳಿಸಿ. ಫಾರ್ವರ್ಡ್ ಕಳಿಸಿದ ನಂಬರನ್ನು ಸಂಚಾರ್ ಸಾಥಿಯ ‘ಚಕ್ಷು’ವಿನಲ್ಲಿ ದೂರು ಮಾಡಬಹುದು. ಈಗಾಗಲೇ ದುಡ್ಡು ಕಟ್ಟಿದ್ದವರು ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ಇದು ದೇಶಕ್ಕೆಲ್ಲ ಒಂದೇ ಇರುವ ಸೈಬರ್ ವಂಚನೆ ಸಹಾಯವಾಣಿ. ಎಷ್ಟು ಬೇಗ ಕರೆ ಮಾಡ್ತೀರೋ, ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಮರುದಿನ ರಜೆ ಹಾಕಿ ಠಾಣೆಗೆ ಹೋಗೋಣ ಅಂತ ಕಾಯಬೇಡಿ, ಮೊದಲು ಫೋನ್, ಆಮೇಲೆ ಠಾಣೆ. ಅವರ ರೂಮ್‌ಮೇಟ್ ಆಗಲೇ 1000 ಕಟ್ಟಿ 1300 ತಗೊಂಡು 5000ದ ಟಾಸ್ಕ್‌ಗೆ ಯೋಚಿಸ್ತಾ ಇದ್ದರಂತೆ. ಸದ್ಯ, ಕಟ್ಟಿಲ್ಲ.

ಇಷ್ಟು ಹೊತ್ತು ರಕ್ಕಮ್ಮನ ಹೆಸರು ಓದಿ ಓದಿ ಹಾಡು ಈಗ ನಿಮ್ಮ ತಲೆಯಲ್ಲಿ ಸುತ್ತೋಕೆ ಶುರುವಾಗಿರಬಹುದು. ಅದಕ್ಕೂ ಒಂದು ಉಪಾಯ ಇದೆ. 2015ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 98 ಜನರ ಮೇಲೆ ಪ್ರಯೋಗ ಮಾಡಿದಾಗ, ಹಾಡು ಕೇಳಿದ ಮೇಲೆ ಚ್ಯೂಯಿಂಗ್ ಗಮ್ ಅಗಿದವರ ತಲೆಯಲ್ಲಿ ಅದು ಕಡಿಮೆ ಸುತ್ತಿತು. ಮನಸ್ಸಿನಲ್ಲೇ ಹಾಡುವಾಗಲೂ ನಾವು ಬಾಯಿ, ದವಡೆಯನ್ನು ಒಳಗೊಳಗೇ ಸಜ್ಜು ಮಾಡಿಕೊಳ್ತೀವಿ, ಅಗಿಯುತ್ತಿದ್ದರೆ ಅದಕ್ಕೆ ಅಡ್ಡಿಯಾಗುತ್ತೆ ಅನ್ನೋದು ಅವರ ವಿವರಣೆ. ಗಮ್ ಇಲ್ಲದಿದ್ದರೆ ಶೇಂಗಾ ಆಗುತ್ತಾ ಅಂತ ಅವರು ಪರೀಕ್ಷಿಸಿಲ್ಲ. ನೀವು ನೋಡಿ ಹೇಳಿ.